ನಿಮ್ಮೂರಿನ ಭಜನೆ ಇನ್ನೂ ಹೇಗೆ ನಡೀತಾ ಉಂಟು?

ಮದುವೆ ಮನೆಯ ಊಟದ ಸಾಲಿನಲ್ಲಿ, ಮಂಗಳೂರು ಬಸ್ಸಿನಲ್ಲಿ, ಊರು ಬಿಟ್ಟವರ ಫೋನಿನಲ್ಲಿ ನನಗೆ ಸಿಗುವ ಪ್ರಶ್ನೆ ಒಂದೇ. "ನಿಮ್ಮ ಭಜನೆ ಇನ್ನೂ ಉಂಟಾ? ಹುಡುಗರೆಲ್ಲ ಬೆಂಗಳೂರು, ಗಲ್ಫ್ ಅಂತ ಹೋದರು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ದುಡ್ಡಂತೂ ಇಲ್ಲವೇ ಇಲ್ಲ. ಮತ್ತೆ ಹೇಗೆ ನಡೀತದೆ ಮಾರಾಯ್ರೆ?"

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಊರು. ಅಲ್ಲಿನ ಭಜನಾ ಮಂದಿರದಲ್ಲಿ ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಭಜನೆಗೆ ಕೂರುತ್ತೇವೆ. ನನ್ನ ಅಜ್ಜನೂ ಅಲ್ಲೇ ಕೂತು ಹಾಡಿದವರು. ಆಗಲೂ ಯಾರಿಗೂ ಸಂಬಳ ಇರಲಿಲ್ಲ, ಈಗಲೂ ಇಲ್ಲ.

ನನ್ನ ಉತ್ತರ ಇದು: ಭಜನೆ ಹಾಡುವ ಕ್ರಮವೇ ಅದನ್ನು ಉಳಿಸಿದೆ. ಒಬ್ಬರು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಅಷ್ಟೇ. ಆದರೆ ಆ ಅಷ್ಟರಲ್ಲಿ ಬಹಳ ಉಂಟು.

ದಾಸರ ಪದಗಳ ಕಟ್ಟು ನೋಡಿ. ಮೊದಲು ಪಲ್ಲವಿ, ಆಮೇಲೆ ಅನುಪಲ್ಲವಿ, ಆಮೇಲೆ ಚರಣಗಳು. ಪ್ರತಿ ಚರಣ ಮುಗಿದ ಮೇಲೂ ಪಲ್ಲವಿಗೆ ವಾಪಸ್ ಬರಬೇಕು. ಇವತ್ತೇ ಮೊದಲ ಸಲ ಬಂದು ಕೂತವರಿಗೂ ಮೂರನೇ ಚರಣ ಮುಗಿಯುವ ಹೊತ್ತಿಗೆ ಪಲ್ಲವಿ ಬಾಯಿಗೆ ಬಂದಿರುತ್ತದೆ. ಯಾರೂ ಪಾಠ ಹೇಳಿರುವುದಿಲ್ಲ, ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಹರಿದಾಸರು ಐದಾರು ಶತಮಾನಗಳ ಹಿಂದೆ ದೊಡ್ಡ ವಿಚಾರಗಳನ್ನು ಜನರ ಕನ್ನಡಕ್ಕೆ ತಂದರು. ಜನ ಒಟ್ಟಾಗಿ ಹಾಡುವ ಹಾಗೆ ಆ ಪದಗಳನ್ನು ಕಟ್ಟಿದ್ದೂ ಅಷ್ಟೇ ದೊಡ್ಡ ಕೆಲಸ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಕ್ರಮವೂ ಉಂಟು. ಕೂತವರೆಲ್ಲ ಸರದಿಯಲ್ಲಿ ಒಂದೊಂದು ಪದ ಹೇಳಲೇಬೇಕು. ಸ್ವರ ಚೆನ್ನಾಗಿಲ್ಲ ಅಂತ ಯಾರನ್ನೂ ಬಿಡುವುದಿಲ್ಲ. ಇಡೀ ದಿನ ತೋಟದಲ್ಲಿ ಮದ್ದು ಸಿಂಪಡಿಸಿ ಸುಸ್ತಾಗಿ ಬಂದವರೂ ಹೇಳುತ್ತಾರೆ, ಬೀಡಿ ಕಟ್ಟುವ ಅಕ್ಕಂದಿರೂ ಹೇಳುತ್ತಾರೆ, ಹಲ್ಲಿಲ್ಲದ ಅಜ್ಜನೂ ಹೇಳುತ್ತಾರೆ. ಶ್ರುತಿ ಸ್ವಲ್ಪ ಆಚೀಚೆ ಆದರೆ ಹಿಂದೆ ಹೇಳುವವರು ಜೋರಾಗಿ ಎತ್ತಿಕೊಂಡು ಸರಿ ಮಾಡುತ್ತಾರೆ. ಚೆನ್ನಾಗಿ ಹಾಡುವವರಿಗೆ ಮಾತ್ರ ಮೈಕ್ ಅಂತ ಮಾಡಿದ್ದರೆ ನಮ್ಮ ಭಜನೆ ಯಾವತ್ತೋ ನಿಲ್ಲುತ್ತಿತ್ತು. ನಾಲ್ಕು ಜನ ಹಾಡುವವರು, ಉಳಿದವರು ಕೇಳುವವರು. ಕೇಳುವವರಿಗೆ ಮನೆಯಲ್ಲಿ ಟಿವಿ ಉಂಟಲ್ವಾ, ಅವರು ಯಾಕೆ ಬರಬೇಕು?

ಸಣ್ಣ ಮಕ್ಕಳ ಕೈಗೆ ಮೊದಲು ಬರುವುದು ತಾಳ. ಮಕ್ಕಳು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುತ್ತಾರೆ, 'ಟಕ್ ಟಕ್' ಅಂತ ಸತ್ತ ಸದ್ದು ಬರುತ್ತದೆ. ಪಕ್ಕದಲ್ಲಿ ಕೂತ ಮಾವ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ದಾರವನ್ನು ತೋರುಬೆರಳಿಗೆ ಸುತ್ತಿ, ಅಂಚಿಗೆ ಅಂಚು ತಾಗಿಸಿ ತೋರಿಸುತ್ತಾರೆ. ಆಗ ನಾದ ಹೊರಡುತ್ತದೆ. ಮಗುವಿನ ಮುಖ ಆಗ ನೋಡಬೇಕು. ಮುಂದಿನ ಶನಿವಾರ ಆ ಮಗು ಅಪ್ಪ ಅಮ್ಮನನ್ನು ಎಳೆದುಕೊಂಡು ಬರುತ್ತದೆ.

ಇನ್ನು ಕನ್ನಡದ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದಕ್ಕೆ ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಆಗಲಿಲ್ಲ. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಈಗಿನ ಎಷ್ಟೋ ಮಕ್ಕಳಿಗೆ ಶಾಲೆಯಲ್ಲಿ ಮಲಯಾಳ ಮತ್ತು ಇಂಗ್ಲಿಷ್, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ. ಪುಸ್ತಕದ ಕನ್ನಡ ಎಷ್ಟೋ ಮನೆಗಳಲ್ಲಿ ಮೆಲ್ಲಗೆ ಹೊರಗೆ ಹೋಗಿದೆ. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. ಸುಮ್ನೆ ಹೇಳುವ ಮಾತಲ್ಲ.

ನಮ್ಮಲ್ಲಿ ಒಬ್ಬಳು ಹುಡುಗಿಯ ಭಜನೆ ಪುಸ್ತಕ ನೋಡಿದ್ದೇನೆ. ನೂರು ಪುಟದ ಶಾಲೆ ಪುಸ್ತಕ, ಮೇಲೆ ಬ್ರೌನ್ ಪೇಪರಿನ ರಟ್ಟು. ಒಳಗೆ ಇರುವುದೆಲ್ಲ ಕನ್ನಡ ಪದ, ಬರೆದಿರುವುದು ಮಲಯಾಳ ಅಕ್ಷರದಲ್ಲಿ. ದೀರ್ಘ ಎಳೆಯುವ ಕಡೆ ಕೆಂಪು ಪೆನ್ನಿನ ಗೆರೆ. ಪಲ್ಲವಿಗೆ ವಾಪಸ್ ಬರುವಲ್ಲಿ ಒಂದು ನಕ್ಷತ್ರ. ನಿವೃತ್ತರಾದ ಮಾಷ್ಟ್ರೊಬ್ಬರು ಅದನ್ನು ನೋಡಿ ಬೈಯಲಿಲ್ಲ. "ಚಂದ ಬರೆದಿದ್ದಿ ಮಗಾ" ಅಂದರು. ಪ್ರತಿ ಪದದ ತಲೆಯಲ್ಲಿ ಅದರ ಮೊದಲ ಅಕ್ಷರವನ್ನು ಕನ್ನಡದಲ್ಲಿ ಬರೆದು ಕೊಟ್ಟರು. ಆಮೇಲೆ ಭಜನೆಗೆ ಅರ್ಧ ಗಂಟೆ ಮೊದಲು ಬಂದು ಮಂದಿರದ ಜಗಲಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದರು. ಪದ ಹೇಗೂ ಬಾಯಿಪಾಠ ಬರುತ್ತದೆ. ಹಾಗಾಗಿ ಕಣ್ಣಿಗೆ ಕಂಡ ಅಕ್ಷರವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಈಗ ಆ ಹುಡುಗಿ ಮಂದಿರದ ಗೋಡೆಗೆ ಹಚ್ಚಿದ ಕನ್ನಡ ನೋಟೀಸನ್ನು ತಡವರಿಸುತ್ತಾ ಓದುತ್ತಾಳೆ. ಹಾಡಿನ ಕೈ ಹಿಡಿದು ಓದಿಗೆ ಬಂದ ಮಗು ಅದು.

ಹಾಗಂತ ನಮ್ಮ ಭಜನೆ ಕನ್ನಡ ಮಾತ್ರ ಅಲ್ಲ. ವೃಶ್ಚಿಕ ತಿಂಗಳ ಒಂದರಿಂದ, ಅಂದರೆ ನವೆಂಬರ್ ಮಧ್ಯದಿಂದ, ಶಬರಿಮಲೆಯ ವ್ರತದ ಮಂಡಲ ಕಾಲ ಶುರು. ಮಾಲೆ ಹಾಕಿದವರು ಬಂದು ಕೂರುತ್ತಾರೆ. ಆ ನಲವತ್ತೊಂದು ದಿನ ಮಲಯಾಳ ಪದಗಳು, ಶರಣು ಕರೆಯುವುದು ಎಲ್ಲ ಉಂಟು. ಮರಾಠಿ ಮಾತಾಡುವ ಮನೆಯವರು ಅಭಂಗ ಹೇಳುತ್ತಾರೆ. ನಾವು ಅದನ್ನೂ ಎತ್ತಿಕೊಳ್ಳುತ್ತೇವೆ. ಅರ್ಥ ಆಮೇಲೆ ಕೇಳಿ ತಿಳಿದುಕೊಂಡರಾಯಿತು.

ಹಿರಿಯರು ಹೇಳುವ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದು. ದೇವಸ್ಥಾನಗಳ ಒಳಗೆ ಎಲ್ಲ ಜಾತಿಯವರಿಗೂ ಪ್ರವೇಶ ಅಂತ ಕಾನೂನು ಬಂದದ್ದು 1947ರಲ್ಲಿ. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಕಾನೂನು ಬಂದ ಮೇಲೂ ಎಷ್ಟೋ ಕಾಲ ಅಂಗಳದಲ್ಲೇ ನಿಂತು ಕೈ ಮುಗಿದು ಹೋಗುವವರು ಇದ್ದರು. ನಮ್ಮ ಭಜನಾ ಮಂದಿರ ಹುಲ್ಲಿನ ಮಾಡಿನ ಒಂದು ಕೊಟ್ಟಿಗೆ ಆಗಿತ್ತಂತೆ. ಅಲ್ಲಿ ಒಂದು ಫೋಟೋ, ಒಂದು ದೀಪ, ಒಂದು ಚಾಪೆ. ಅಂಗಳದಲ್ಲಿ ನಿಲ್ಲುತ್ತಿದ್ದವರು ಇಲ್ಲಿ ಚಾಪೆಯ ಮೇಲೆ ಕೂತರು, ಅವರು ಹೇಳಿದ ಪದವನ್ನು ಉಳಿದವರು ಎತ್ತಿಕೊಂಡರು. ಈಗ ಕಾಂಕ್ರೀಟ್ ಕಟ್ಟಡ ಉಂಟು, ಗ್ರಾನೈಟ್ ನೆಲ ಉಂಟು. ಆದರೆ ಕೂರುವ ಕ್ರಮ ಬದಲಾಗಿಲ್ಲ. ಬದಲಾಗಬಾರದು.

ದುಡ್ಡಿನ ಪ್ರಶ್ನೆಗೆ ಉತ್ತರ ನಗರ ಭಜನೆ. ವಾರ್ಷಿಕೋತ್ಸವಕ್ಕೆ ಮೊದಲು ಮನೆ ಮನೆಗೆ ಹೋಗಿ ಹಾಡುತ್ತೇವೆ. ಮನೆಯವರು ತುಳಸಿಕಟ್ಟೆಗೆ ದೀಪ ಇಟ್ಟು ಕಾಯುತ್ತಾರೆ, ಕಾಣಿಕೆ ಹಾಕುತ್ತಾರೆ, ಚಾ ಅವಲಕ್ಕಿ ಕೊಡುತ್ತಾರೆ. ಕರೆಂಟ್ ಬಿಲ್ಲು, ತಬಲದ ರಿಪೇರಿ, ಒಂದು ಹಗಲು ರಾತ್ರಿ ನಿಲ್ಲದೆ ನಡೆಯುವ ಏಕಾಹ ಭಜನೆಯ ಊಟ ಎಲ್ಲ ಅದರಲ್ಲೇ. ದುಡ್ಡಿಗಿಂತ ಜಾಸ್ತಿ ಬೆಲೆಯದ್ದು ಬೇರೆ ಉಂಟು. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಅಜ್ಜಿ ಒಬ್ಬರೇ ಇದ್ದಾರೆ, ಯಾರ ಮಾಡು ಸೋರುತ್ತಿದೆ ಅಂತ ಆ ರಾತ್ರಿಗಳಲ್ಲಿ ಗೊತ್ತಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರಿಗೆ ದಿಕ್ಕೇ ತೋಚಲಿಲ್ಲ. ಆಗ ಮದ್ದು, ಅಕ್ಕಿ ತಲುಪಿಸಲು ಹೊರಟ ಹುಡುಗರಿಗೆ ಯಾವ ಮನೆಗೆ ಏನು ಬೇಕು ಅಂತ ಯಾರೂ ಹೇಳಬೇಕಾಗಲಿಲ್ಲ.

ಆ ತಿಂಗಳುಗಳಲ್ಲಿ ಫೋನಿನಲ್ಲಿ ಭಜನೆ ಮಾಡಿ ನೋಡಿದೆವು. ಒಬ್ಬರ ಸ್ವರ ಇನ್ನೊಬ್ಬರಿಗೆ ಸ್ವಲ್ಪ ತಡವಾಗಿ ಕೇಳುತ್ತದೆ, ತಾಳ ಕೂಡುವುದೇ ಇಲ್ಲ. ಕೊನೆಗೆ ದಿನಕ್ಕೊಂದು ಮನೆಯವರು ಹಾಡುವುದು, ಉಳಿದವರು ಮೈಕ್ ಮುಚ್ಚಿ ತಮ್ಮ ತಮ್ಮ ಮನೆಯಲ್ಲೇ ಎತ್ತಿಕೊಳ್ಳುವುದು ಅಂತ ಆಯಿತು.

ಈಗ ಕುಣಿತ ಭಜನೆ ಬಂದಿದೆ. ಹೆಂಗಸರು, ಮಕ್ಕಳು ಒಂದೇ ಬಣ್ಣದ ಬಟ್ಟೆ ಹಾಕಿ ವೃತ್ತದಲ್ಲಿ ಹೆಜ್ಜೆ ಹಾಕುತ್ತಾರೆ. ಕೆಲವು ಹಿರಿಯರಿಗೆ ಇದು ಇಷ್ಟವಿಲ್ಲ. ನನಗೆ ಇಷ್ಟ. ಅದರಿಂದಾಗಿಯೇ ಶನಿವಾರ ಹತ್ತಾರು ಹೊಸ ಮಕ್ಕಳು ಬರುತ್ತಿದ್ದಾರೆ. ಸ್ಪರ್ಧೆಗೆ ಅಂತ ಚೆನ್ನಾಗಿ ಕುಣಿಯುವವರನ್ನು ಮಾತ್ರ ಆರಿಸಿ ಉಳಿದವರನ್ನು ಮನೆಗೆ ಕಳಿಸುವುದಕ್ಕೆ ಮಾತ್ರ ನನ್ನ ವಿರೋಧ ಉಂಟು. ಸಭೆಯಲ್ಲೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಸದ್ಯ ನಮಗೆ ಬೇಕಾಗಿರುವುದು ತಬಲಕ್ಕೆ ಒಂದು ಜೋಡಿ ಕೈ. ನುಡಿಸುತ್ತಿದ್ದ ಹುಡುಗ ಕೆಲಸ ಸಿಕ್ಕಿ ದುಬೈಗೆ ಹೋದ. ಹತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ. ಆದಿತಾಳ ಬಂದಿದೆ, ರೂಪಕ ತಾಳದಲ್ಲಿ ಲಯ ಇನ್ನೂ ಓಡುತ್ತದೆ.