ಲಾಗಿನ್ ಆಗಿ ನೋಡಿದ ಮೆನು

"ಸರ, ಮೂರು ಗೆರಿ ಒತ್ತಿದ್ರ ಏನೂ ಆಗವಲ್ದು ನೋಡ್ರಿ."

ಗದಗಿನ ಒಂದು ಕಾಲೇಜಿನ ಆಫೀಸಿನಿಂದ ಆ ಅಕ್ಕ ಫೋನ್ ಮಾಡಿದಾಗ ಬೆಳಿಗ್ಗೆ ಹತ್ತೂವರೆ. ಪ್ರವೇಶದ ಅರ್ಜಿಗೆ ಅವತ್ತೇ ಕಡೇ ದಿನ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಆಫೀಸಿನಲ್ಲಿ ಕೂತಲ್ಲೇ, ನಾವು ನೋಡಿಕೊಳ್ಳುವ ಆ ಕಾಲೇಜಿನ ಸೈಟ್ ತೆರೆದು, ಬ್ರೌಸರ್ ಸಣ್ಣದು ಮಾಡಿ ಮೊಬೈಲ್ ಮೆನು ಒತ್ತಿದೆ. ತೆರೆಯಿತು. "ಇಲ್ಲಿ ಬರೋಬರಿ ಐತ್ರೀ ಅಕ್ಕಾರ, ನಿಮ್ಮ ಫೋನಿಂದೇ ಏನೋ ಇರಬೇಕು" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಂದು ತಾಸು ಬಿಟ್ಟು ಮತ್ತೆ ಫೋನ್. "ನಂದೊಂದ ಅಲ್ರಿ. ಮುಂಜಾನಿಂದ ಫೋನ್ ಮಾಡಿದವ್ರೆಲ್ಲಾರ ಫೋನೂ ಕೆಟ್ಟಾವೇನ್ರಿ?"

ಆಗ ಎದೆ ಧಸಕ್ಕೆಂದಿತು. ನನಗೆ ಮೊದಲು ನೆನಪಾದದ್ದು ಮೈಗ್ರೇಟ್. ಮೆನುವಿನಂಥವನ್ನು ಓಡಿಸುವ ಜೆಕ್ವೆರಿ ಎಂಬ ಕೋಡಿನ ಹಳೇ ರೂಪಕ್ಕೆ ಬರೆದದ್ದು ಹೊಸದರಲ್ಲೂ ನಡೆಯುವಂತೆ ಮಾಡುವ ತುಣುಕು ಅದು. 2020ರ ಆಗಸ್ಟ್‌ನಲ್ಲಿ ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ 5.5 ಆವೃತ್ತಿ ಬಂದು ಜೆಕ್ವೆರಿ ಮೈಗ್ರೇಟ್ ತೆಗೆದಾಗ ಹಳೇ ಥೀಮುಗಳ ಮೆನು ಸಾಲಾಗಿ ಮಲಗಿದ್ದವು. ಅದೇ ಗುಂಗಿನಲ್ಲಿ ಲೈವ್ ಸೈಟಿನಲ್ಲೇ ಹಳೇ ಪ್ಲಗಿನ್‌ಗಳನ್ನು (ಸೈಟಿಗೆ ಸೇರಿಸುವ ಹೆಚ್ಚುವರಿ ತುಣುಕುಗಳನ್ನು) ಒಂದೊಂದಾಗಿ ಆಫ್ ಮಾಡುತ್ತಾ "ಈಗ ನೋಡ್ರಿ, ಈಗ?" ಅಂತ ಕೇಳುತ್ತಾ ಹೋದೆ. ಪ್ರತಿ ಸಲವೂ "ಇಲ್ರಿ". ನಾಲ್ಕನೆಯದಕ್ಕೆ ಫಾರ್ಮ್ ಪ್ಲಗಿನ್ನೂ ಆಫ್ ಆಯಿತು. ನೇರ ಲಿಂಕಿನಿಂದ ಬಂದವರಿಗೆ ಅರ್ಜಿಯ ಜಾಗದಲ್ಲಿ ಬರೀ ಶಾರ್ಟ್‌ಕೋಡ್, ಅಂದರೆ ಚೌಕ ಕಂಸದೊಳಗಿನ ಒಂದು ಕೋಡ್ ಸಾಲು. ಮೆನು ಇಲ್ಲದಿದ್ದರೂ ಅರ್ಜಿಯಾದರೂ ಇತ್ತು, ಅದನ್ನೂ ನಾನೇ ಕಿತ್ತಿದ್ದೆ. ಬೆವರು ಕೀಬೋರ್ಡಿನ ಮೇಲೆ ಬೀಳುವುದೊಂದು ಬಾಕಿ.

ಪಕ್ಕದಲ್ಲಿದ್ದ ಹೊಸ ಹುಡುಗ ಮೆಲ್ಲಗೆ ಕೇಳಿದ: "ಅಣ್ಣಾ, ಇನ್‌ಕಾಗ್ನಿಟೊದಾಗ ನೋಡೀರೇನ್ರಿ?"

ನೋಡಿರಲಿಲ್ಲ. ಲಾಗಿನ್ ಇಲ್ಲದೆ ಸೈಟ್ ಕಾಣುವ ಆ ಖಾಸಗಿ ವಿಂಡೋ ತೆರೆದರೆ ಮೆನು ಸತ್ತಿತ್ತು, ಬ್ರೌಸರ್ ದೋಷ ತೋರಿಸುವ ಕನ್ಸೋಲಿನಲ್ಲಿ ಕೆಂಪಕ್ಷರ: ಜೆಕ್ವೆರಿ ಈಸ್ ನಾಟ್ ಡಿಫೈನ್ಡ್.

ಹಿಂದಿನ ಸಂಜೆ ಸ್ಪೀಡ್ ಪ್ಲಗಿನ್ ಹಾಕಿದ್ದು ನಾನೇ. ಅದರ ಡಿಫರ್ ಸೆಟ್ಟಿಂಗ್ ಜೆಕ್ವೆರಿಯನ್ನು ಪುಟ ಓದಿ ಮುಗಿಯುವವರೆಗೆ ಹಿಂದಕ್ಕೆ ತಳ್ಳಿತ್ತು. ಮೆನು ಪ್ಲಗಿನ್ನಿನ ಇನ್‌ಲೈನ್ (ಪುಟದೊಳಗೇ ಬರೆದ) ತುಣುಕು ಮಾತ್ರ ಕಾಯದೆ ಮೊದಲೇ ಓಡಿ, ಜೆಕ್ವೆರಿ ಸಿಗದೆ ಅಲ್ಲೇ ನಿಂತಿತ್ತು. ಎರಡೂ ಪ್ಲಗಿನ್ ತಮ್ಮ ಪಾಡಿಗೆ ಸರಿಯೇ ಇದ್ದವು. ಆದರೆ ಲಾಗಿನ್ ಆದವರಿಗೆ ಸ್ಪೀಡ್ ಪ್ಲಗಿನ್ ಕ್ಯಾಶ್ (ಪುಟದ ಪ್ರತಿ ಉಳಿಸಿಟ್ಟು ಕೊಡುವುದು) ಆಗಲಿ ಡಿಫರ್ ಆಗಲಿ ಏನೂ ಮಾಡುತ್ತಿರಲಿಲ್ಲ. ನಾನು ಹಿಂದಿನ ಸಂಜೆಯೂ ಆ ಬೆಳಿಗ್ಗೆಯೂ ಅಡ್ಮಿನ್ ಆಗಿಯೇ ನೋಡಿದ್ದೆ. ಪರೀಕ್ಷೆ ಮಾಡಿದ್ದೇನೆ ಎಂಬ ನಂಬಿಕೆಯಿಂದ ಸ್ಪೀಡ್ ಪ್ಲಗಿನ್ನಿನ ಮೇಲೆ ಅನುಮಾನವೇ ಬರಲಿಲ್ಲ.

ಫಾರ್ಮ್ ಪ್ಲಗಿನ್ ಮರಳಿ ಆನ್ ಮಾಡಿ, ಡಿಫರ್ ಪಟ್ಟಿಯಿಂದ ಜೆಕ್ವೆರಿಯನ್ನು ಹೊರಗಿಟ್ಟು, ಸರ್ವರಿನ ಕ್ಯಾಶ್ ಸಹ ಪರ್ಜ್ ಮಾಡಿ ಅಳಿಸಿದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಹೆಲ್ತ್ ಚೆಕ್ ಪ್ಲಗಿನ್ನಿನ ಟ್ರಬಲ್‌ಶೂಟಿಂಗ್ ಮೋಡಿನಲ್ಲಿ ಪ್ಲಗಿನ್ ಆಫ್ ಮಾಡಿದರೆ ನಮ್ಮ ಸೆಷನ್ನಿಗೆ ಮಾತ್ರ ಆಫ್ ಆಗುತ್ತವೆ, ಬಂದವರಿಗೆ ಸೈಟ್ ಇದ್ದಂತೆಯೇ ಇರುತ್ತದೆ. ಅದು ಗೊತ್ತಿದ್ದೂ ಗಾಬರಿಯಲ್ಲಿ ಕೈ ಅತ್ತ ಹೋಗಲಿಲ್ಲ.

ಮ್ಯಾನೇಜ್‌ಮೆಂಟಿನ ಮೇಲೂ ನನಗೆ ಸಿಟ್ಟಿದೆ. ಸ್ಟೇಜಿಂಗಿಗೆ (ಬದಲಾವಣೆ ಮೊದಲು ಪರೀಕ್ಷಿಸುವ ನಕಲು ಸೈಟಿಗೆ) ದುಡ್ಡಿಲ್ಲ ಅನ್ನುತ್ತಾರೆ, ಸೈಟಿನ ವೇಗ ಅಳೆಯುವ ಪೇಜ್‌ಸ್ಪೀಡ್ ಸ್ಕೋರ್ ತೊಂಬತ್ತು ದಾಟಿಸುತ್ತೇವೆಂದು ಕ್ಲೈಂಟಿಗೆ ಮಾತು ಕೊಟ್ಟು ಬರುತ್ತಾರೆ, ಅದೂ ಪ್ರವೇಶದ ವಾರದಲ್ಲಿ. ಬೇಡ ಅಂತ ನಾನು ಆ ಸಂಜೆಯೇ ಹೇಳಬೇಕಿತ್ತು.

ಮಧ್ಯಾಹ್ನ ಅಕ್ಕಾರಿಗೆ ಫೋನ್ ಮಾಡಿ, ತಪ್ಪು ನಂದೇ ಅಂತ ಹೇಳಿದೆ. ಶಿರಹಟ್ಟಿ ಕಡೆಯ ಇಬ್ಬರು ಹುಡುಗಿಯರಿಗೆ ಅವರು ಅಷ್ಟರಲ್ಲಿ ಫೋನಿನಲ್ಲೇ ಅಕ್ಷರ ಅಕ್ಷರ ಬಿಡಿಸಿ ಲಿಂಕ್ ಬರೆಸಿದ್ದರು. "ಇಬ್ಬರದೂ ಅರ್ಜಿ ಬಂದಾವ ಬಿಡ್ರಿ" ಅಂದರು.