ಕಾಲೇಜಿನ ಕಲಿಕಾ ಕೇಂದ್ರ: ಪಟ್ಟಿ ಮಾಡಬೇಕಾದ್ದು ಪೇಪರ್‌ಗಳನ್ನು, ಹುಡುಗರನ್ನಲ್ಲ

ಪದವಿ ಕಾಲೇಜುಗಳಲ್ಲಿ ಕಲಿಕಾ ಬೆಂಬಲದ ಹೆಸರಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಮೊದಲ ಇಂಟರ್ನಲ್ ಪರೀಕ್ಷೆ ಮುಗಿಯುತ್ತದೆ, ಕಡಿಮೆ ಅಂಕ ಬಂದವರ ಹೆಸರು ‘ಸ್ಲೋ ಲರ್ನರ್ಸ್’ ಎಂಬ ತಲೆಬರಹ ಹೊತ್ತು ನೋಟಿಸ್ ಬೋರ್ಡ್ ಏರುತ್ತದೆ, ಸಂಜೆ ನಾಲ್ಕಕ್ಕೆ ರೆಮಿಡಿಯಲ್ ಕ್ಲಾಸ್. ಮೊದಲ ದಿನ ತುಂಬಿದ ಕೋಣೆ ಎರಡನೇ ವಾರಕ್ಕೆ ಖಾಲಿ. ಕಡತ ಮಾತ್ರ ದಪ್ಪವಾಗುತ್ತದೆ. ಹುಡುಗರಿಗೆ ಆಸಕ್ತಿಯೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ದಡ್ಡರು ಅಂತ ಹಣೆಪಟ್ಟಿಯನ್ನೂ ಕಟ್ಟಿಸಿಕೊಂಡು, ಊರು ಮುಟ್ಟಿಸುವ ರಿಪ್ಪನ್‌ಪೇಟೆಯ ಬಸ್ಸನ್ನೂ ಬಿಟ್ಟು ಕೂರುವವರು ಯಾರು?

ಹಣೆಪಟ್ಟಿಯ ಈ ತೊಡಕಿಗೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲೇ ಒಂದು ದಾರಿ ಸಿಕ್ಕಿತ್ತು. ಡೀನಾ ಮಾರ್ಟಿನ್ ಅಲ್ಲಿ ರೂಪಿಸಿದ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಪದ್ಧತಿ ಕಷ್ಟಪಡುವ ವಿದ್ಯಾರ್ಥಿಯನ್ನು ಹುಡುಕುವುದಿಲ್ಲ, ಕಷ್ಟದ ಕೋರ್ಸನ್ನು ಹುಡುಕುತ್ತದೆ. ನೂರಕ್ಕೆ ಮೂವತ್ತು ಜನ ಅಥವಾ ಅದಕ್ಕೂ ಹೆಚ್ಚು ಜನ ತೀರಾ ಕೆಳಗಿನ ದರ್ಜೆ ಪಡೆಯುವ, ಫೇಲಾಗುವ ಅಥವಾ ನಡುವೆಯೇ ಕೈಬಿಡುವ ಕೋರ್ಸ್ ಅದರ ಗುರಿ. ಆ ಕೋರ್ಸನ್ನು ಈಗಾಗಲೇ ಚೆನ್ನಾಗಿ ಮುಗಿಸಿದ ವಿದ್ಯಾರ್ಥಿಯೊಬ್ಬ ಮತ್ತೆ ಅದೇ ತರಗತಿಯಲ್ಲಿ ಕೂತು ಪಾಠ ಕೇಳಿ, ವಾರಕ್ಕೆ ಕೆಲವು ಸಲ ಗುಂಪು ಅಭ್ಯಾಸ ನಡೆಸುತ್ತಾನೆ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ತೊಂಬತ್ತು ತೆಗೆಯುವವಳೂ ಬಂದು ಕೂತಿರುವಾಗ ಮೂವತ್ತು ತೆಗೆದವನಿಗೆ ಅಲ್ಲಿ ಕೂರಲು ನಾಚಿಕೆಯಿಲ್ಲ. ವಿದ್ಯಾರ್ಥಿಗಳೇ ಟ್ಯೂಟರ್ ಆಗಿ ಓದಿನಲ್ಲಿ ನೆರವಾಗುವ ಕಲಿಕಾ ಕೇಂದ್ರವನ್ನು ಕಾಲೇಜಿನಲ್ಲಿ ನಡೆಸುವ ನಮ್ಮ ಕೆಲಸದಲ್ಲಿ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ಹಾಗಾದರೆ ಮೊದಲು ಬೇಕಾದ್ದು ಮೂರು ವರ್ಷದ ಫಲಿತಾಂಶದ ಹಾಳೆ. ಪ್ರತಿ ಪೇಪರಿಗೂ (ಕೋರ್ಸಿಗೆ ನಮ್ಮಲ್ಲಿ ಹಾಗನ್ನುವುದು ರೂಢಿ) ಪಾಸಾದವರ ಪ್ರಮಾಣ ತೆಗೆಯಿರಿ, ಆದರೆ ಭಾಗಿಸುವುದು ಪರೀಕ್ಷೆ ಬರೆದವರಿಂದಲ್ಲ, ಸೆಮಿಸ್ಟರ್ ಶುರುವಿನಲ್ಲಿ ದಾಖಲಾದವರಿಂದ. ಉದಾಹರಣೆಗೆ 120 ಜನ ದಾಖಲಾಗಿ, 96 ಜನ ಬರೆದು, 72 ಜನ ಪಾಸಾದರು ಅಂದುಕೊಳ್ಳಿ. ಬರೆದವರ ಲೆಕ್ಕದಲ್ಲಿ ಶೇಕಡಾ 75, ಕಾಲೇಜಿಗೆ ಮರ್ಯಾದೆ. ದಾಖಲಾದವರ ಲೆಕ್ಕದಲ್ಲಿ ಶೇಕಡಾ 60. ಹಾಜರಾತಿ ಸಾಲದೆ ಹಾಲ್ ಟಿಕೆಟ್ ಸಿಗದವರು, ಹೆದರಿ ಗೈರಾದವರು ಮೊದಲ ಲೆಕ್ಕದಲ್ಲಿ ಮಾಯವಾಗಿಬಿಡುತ್ತಾರೆ. ಕೇಂದ್ರ ಇರಬೇಕಾದ್ದು ಅವರಿಗಾಗಿಯೇ. ಸಾಮಾನ್ಯವಾಗಿ ಪಟ್ಟಿಯ ಮೇಲ್ತುದಿಗೆ ಬರುವುದು ಮೊದಲ ವರ್ಷದ ಅಕೌಂಟೆನ್ಸಿ, ಸಂಖ್ಯಾಶಾಸ್ತ್ರ, ಕ್ಯಾಲ್ಕುಲಸ್, ಸಿ ಪ್ರೋಗ್ರಾಮಿಂಗ್, ಇಂಗ್ಲಿಷ್. ಒಂದು ಸೆಮಿಸ್ಟರಿಗೆ ಎರಡು ಪೇಪರ್ ಸಾಕು. ಐದಕ್ಕೆ ಕೈಹಾಕಿದರೆ ಐದೂ ಅರೆಬರೆ.

ಟ್ಯೂಟರ್ ಆಯ್ಕೆಯಲ್ಲಿ ರ‍್ಯಾಂಕ್ ನೋಡಿ ಮೋಸಹೋಗುವವರೇ ಹೆಚ್ಚು. ಆ ಪೇಪರಿನಲ್ಲಿ ಒಳ್ಳೆಯ ಅಂಕ ಇರಬೇಕು ನಿಜ, ಪಾಠ ಮಾಡಿದ ಮೇಷ್ಟ್ರ ಶಿಫಾರಸೂ ಬೇಕು. ಆದರೆ ನಿರ್ಧಾರ ಆಗಬೇಕಾದ್ದು ಹತ್ತು ನಿಮಿಷದ ಪರೀಕ್ಷೆಯಲ್ಲಿ: ತಪ್ಪಿರುವ ಒಂದು ಲೆಕ್ಕ ಕೊಡಿ, ಎದುರಿಗೆ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ. ತಕ್ಷಣ ಪೆನ್ ಕಿತ್ತುಕೊಂಡು ಸರಿ ಮಾಡಿ ತೋರಿಸುವವನು ಬೇಡ. ‘ಇಲ್ಲಿಯವರೆಗೆ ಹೇಗೆ ಬಂದೆ, ಹೇಳು’ ಅಂತ ಕೇಳುವವಳು ಬೇಕು.

ತರಬೇತಿಗೆ ಅಳತೆ ಬೇಕಿದ್ದರೆ ಸಿಆರ್‌ಎಲ್‌ಎ ಎಂಬ ಅಮೆರಿಕದ ಕಾಲೇಜು ಓದು-ಕಲಿಕೆ ಸಂಘದ ಟ್ಯೂಟರ್ ಪ್ರಮಾಣೀಕರಣ ನೋಡಬಹುದು. ಅದರ ಮೊದಲ ಹಂತಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ ಕನಿಷ್ಠ 10 ಗಂಟೆ ತರಬೇತಿ, 25 ಗಂಟೆ ನಿಜವಾದ ಟ್ಯೂಟರಿಂಗ್. ಹತ್ತೂ ಗಂಟೆಯನ್ನು ಒಂದೇ ಭಾನುವಾರಕ್ಕೆ ತುರುಕಿದರೆ ಸರ್ಟಿಫಿಕೇಟ್ ಸಿಗುತ್ತದೆ, ಕೆಲಸ ಕಲಿಯುವುದಿಲ್ಲ. ನಾಲ್ಕು ಗಂಟೆ ಆರಂಭಕ್ಕೆ ಮುಂಚೆ ಕೊಡಿ: ಅವಧಿ ಶುರು ಮಾಡುವುದು ಮತ್ತು ಮುಗಿಸುವುದು, ಪ್ರಶ್ನೆ ಕೇಳಿ ಕಾಯುವುದು, ಅಸೈನ್‌ಮೆಂಟ್ ಬರೆದುಕೊಡದಿರುವುದು. ಉಳಿದ ಆರು ಗಂಟೆಯನ್ನು ಸೆಮಿಸ್ಟರ್ ಉದ್ದಕ್ಕೂ ಹಂಚಿ, ಅಷ್ಟರಲ್ಲಿ ಎದುರಾದ ತೊಡಕುಗಳನ್ನೇ ಪಾಠ ಮಾಡಿ. ಪ್ರಶ್ನೆ ಕೇಳಿದ ಮೇಲೆ ಐದು ಎಣಿಸುವಷ್ಟು ಹೊತ್ತು ಸುಮ್ಮನಿರುವುದನ್ನು ಕಲಿಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಚುರುಕು ಹುಡುಗರಿಗೆ ಆ ಮೌನ ತಡೆಯಲಾಗುವುದಿಲ್ಲ, ಉತ್ತರ ತಾವೇ ಹೇಳಿಬಿಡುತ್ತಾರೆ.

ಅವಧಿ 50 ನಿಮಿಷ. ಮೊದಲ ಐದು ನಿಮಿಷ ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ತಿಳಿಯುವುದಕ್ಕೆ. ಬರಿಗೈಯಲ್ಲಿ ಬಂದು ‘ಎಲ್ಲಾ ಅರ್ಥ ಆಗ್ಲಿಲ್ಲ’ ಅನ್ನುವವರಿಂದ ಮೊದಲು ಒಂದು ಲೆಕ್ಕ ಮಾಡಿಸಿ. ನಡುವಿನ ಮೂವತ್ತೈದು ನಿಮಿಷ ಪೆನ್ಸಿಲ್ ಇರಬೇಕಾದ್ದು ಕಲಿಯುವವರ ಕೈಯಲ್ಲಿ. ಕೊನೆಯ ಹತ್ತು ನಿಮಿಷ ಅವರೇ ಬೋರ್ಡಿನ ಮುಂದೆ ನಿಂತು ಹೇಳಬೇಕು, ಮುಂದಿನ ಸಲಕ್ಕೆ ಏನು ಮಾಡಿ ತರುತ್ತಾರೆ ಎಂಬುದು ಒಂದು ಸಾಲಿನಲ್ಲಿ ಬರೆದಾಗಬೇಕು. ಈ ಕೊನೆಯ ಹತ್ತನ್ನು ನುಂಗಿಹಾಕುವ ಟ್ಯೂಟರ್‌ಗಳೇ ಜಾಸ್ತಿ, ಹಾಗಾಗಿ ಮೇಲ್ವಿಚಾರಕರು ಅವಧಿ ನೋಡಲು ಹೋದರೆ ಕೊನೆಗೆ ಹೋಗಿ. ಒಬ್ಬ ಟ್ಯೂಟರ್‌ಗೆ ಬಿಡಿ ಲೆಕ್ಕ ಬಿಡಿಸುವುದಾದರೆ ನಾಲ್ಕೈದು ಜನ, ಗುಂಪು ಅಭ್ಯಾಸಕ್ಕೆ ಹದಿನೈದರ ಆಚೆ ಬೇಡ.

ಭಾಷೆಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವರಿಗೆ ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್), ಸವಕಳಿ (ಡಿಪ್ರಿಸಿಯೇಷನ್) ಎಲ್ಲ ಗೊತ್ತಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅದು ಇಂಗ್ಲಿಷಿನಲ್ಲಿ ಬಂದಾಗ ಗುರುತು ಹತ್ತುವುದಿಲ್ಲ. ವಿವರಣೆ ಕನ್ನಡದಲ್ಲೇ ನಡೆಯಲಿ, ಉತ್ತರ ಬರೆಯುವುದು ಮಾತ್ರ ಪರೀಕ್ಷೆಯ ಭಾಷೆಯಲ್ಲಿ. ಪ್ರತಿ ಪೇಪರಿಗೂ ನಲವತ್ತು-ಐವತ್ತು ಪದಗಳ ಎರಡು ಕಾಲಮ್ಮಿನ ಹಾಳೆಯನ್ನು ಮೊದಲ ವಾರವೇ ಕೈಗೆ ಕೊಟ್ಟುಬಿಡಿ.

ವೇಳಾಪಟ್ಟಿ ಬರೆಯುವ ಮುಂಚೆ ಬಸ್ ಟೈಮ್ ಬರೆದುಕೊಳ್ಳಬೇಕು. ಶಿವಮೊಗ್ಗದ ಸುತ್ತಲಿನ ಆಯನೂರು, ಕುಂಸಿ, ಹೊಳೆಹೊನ್ನೂರು ಕಡೆಯವರಿಗೆ ಕೊನೆಯ ಅನುಕೂಲದ ಬಸ್ ಯಾವುದು, ತಾಳಗುಪ್ಪ ರೈಲಿನಲ್ಲಿ ಪಾಸ್ ಇಟ್ಟುಕೊಂಡವರು ಎಷ್ಟು ಜನ, ಹಾಸ್ಟೆಲ್‌ನವರು ಎಷ್ಟು ಜನ ಎಂದು ದಾಖಲಾತಿ ಸಮಯದಲ್ಲೇ ಕೇಳಿ. ನಾಲ್ಕರ ನಂತರದ ಅವಧಿ ಹಾಸ್ಟೆಲ್‌ನವರಿಗೆ ಮಾತ್ರ ಉಪಯೋಗ. ಊಟದ ಹೊತ್ತಿನ ಬಿಡುವು, ನಡುವಿನ ಖಾಲಿ ಪೀರಿಯಡ್, ಶನಿವಾರ ಬೆಳಿಗ್ಗೆ, ಇವಿಷ್ಟರಲ್ಲೇ ಹೊಂದಿಸಬೇಕು. ಮಳೆಗಾಲದಲ್ಲಿ ರಜೆ ಘೋಷಣೆ ಆಗದಿದ್ದರೂ ಹೊಸನಗರ, ತೀರ್ಥಹಳ್ಳಿ ಕಡೆ ಮರ ಬಿದ್ದು ದಾರಿ ಬಂದ್ ಆದ ದಿನಗಳಿರುತ್ತವೆ. ತಪ್ಪಿದ ಅವಧಿಯನ್ನು ಏಳು ಕೆಲಸದ ದಿನದೊಳಗೆ ಮತ್ತೆ ನಡೆಸಬೇಕು ಎಂಬುದನ್ನು ನಿಯಮವಾಗಿಯೇ ಬರೆದಿಡಿ. ‘ಆನ್‌ಲೈನ್ ಮಾಡ್ತೀವಿ’ ಅನ್ನುವುದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನಲ್ಲಿ ಪರಿಹಾರವೇ ಅಲ್ಲ, ಅಚ್ಚು ಹಾಕಿದ ಅಭ್ಯಾಸ ಹಾಳೆಯೇ ಗತಿ. ಆ ಹಾಳೆಗಳನ್ನೂ ಪ್ಲಾಸ್ಟಿಕ್ ಫೈಲಿನಲ್ಲಿಡಿ, ಬೂಸ್ಟು ಹಿಡಿಯುತ್ತದೆ. ಇನ್ನು ತಗಡಿನ ಶೀಟ್ ಹೊದಿಸಿದ ಕೋಣೆಯನ್ನು ಕೇಂದ್ರಕ್ಕೆ ಕೊಟ್ಟರೆ ಒಪ್ಪಬೇಡಿ, ಜುಲೈನಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ. ನವೆಂಬರಿನ ನಂತರ ಅಡಿಕೆ ಕೊಯ್ಲು. ರಾತ್ರಿಯೆಲ್ಲ ಅಡಿಕೆ ಸುಲಿದು ಬಂದವರು ಮಧ್ಯಾಹ್ನ ತೂಕಡಿಸುತ್ತಾರೆ, ಹಾಗಾಗಿ ಕಷ್ಟದ ಅಧ್ಯಾಯಗಳನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳುವುದು ಜಾಣತನ.

ದಾಖಲೆ ಪ್ರತಿ ಭೇಟಿಗೆ ಒಂದೇ ಸಾಲು: ದಿನಾಂಕ, ರಿಜಿಸ್ಟರ್ ನಂಬರ್, ಪೇಪರ್, ಬಂದ ಸಮಯ, ಹೋದ ಸಮಯ, ಯಾವ ವಿಷಯ, ಮುಂದಿನ ಕೆಲಸ. ಬರೀ ಸಹಿ ಪುಸ್ತಕ ಯಾವುದಕ್ಕೂ ಬಾರದು. ನಾನೂರು ಭೇಟಿ ಅಂತ ವರದಿಯಲ್ಲಿ ಹಾಕಿದರೆ ಚೆಂದ ಕಾಣುತ್ತದೆ, ಅದು ಅರವತ್ತು ಜನರದ್ದೇ ಆಗಿರಬಹುದು. ತಲೆ ಎಣಿಕೆ ಬೇರೆ, ಭೇಟಿ ಎಣಿಕೆ ಬೇರೆ, ಎರಡನ್ನೂ ಬರೆಯಿರಿ. ಜೊತೆಗೆ ನಾಲ್ಕಕ್ಕಿಂತ ಹೆಚ್ಚು ಸಲ ಬಂದವರು ಎಷ್ಟು ಎಂಬುದು.

ಎಲ್ಲಕ್ಕಿಂತ ದೊಡ್ಡ ಮೋಸ ಹೋಲಿಕೆಯಲ್ಲಿ ಆಗುತ್ತದೆ. ಬಂದವರಲ್ಲಿ ಶೇಕಡಾ ಇಷ್ಟು ಪಾಸು, ಬಾರದವರಲ್ಲಿ ಇಷ್ಟು, ಆದ್ದರಿಂದ ಕೇಂದ್ರ ಯಶಸ್ವಿ ಎಂದು ಬರೆಯುತ್ತಾರೆ. ತಾವಾಗಿಯೇ ಬರುವವರು ಮೊದಲೇ ಓದುವ ಮನಸ್ಸಿನವರು, ಕೇಂದ್ರ ಇಲ್ಲದಿದ್ದರೂ ಅವರಲ್ಲಿ ಹಲವರು ಪಾಸಾಗುತ್ತಿದ್ದರು. ಇದನ್ನು ಪೂರ್ತಿ ತಪ್ಪಿಸಲಾಗದಿದ್ದರೂ ತಗ್ಗಿಸಬಹುದು. ಪಿಯುಸಿ ಅಂಕದ ಪ್ರಕಾರ ಮೂರು ಗುಂಪು ಮಾಡಿ, ಒಂದೊಂದು ಗುಂಪಿನೊಳಗೇ ಬಂದವರನ್ನೂ ಬಾರದವರನ್ನೂ ಹೋಲಿಸಿ. ಅದರ ಜೊತೆ ಇಡೀ ಪೇಪರಿನ ಫಲಿತಾಂಶ ಹಿಂದಿನ ಮೂರು ವರ್ಷಕ್ಕಿಂತ ಏರಿದೆಯೇ ನೋಡಿ. ಎರಡೂ ಒಂದೇ ದಿಕ್ಕು ತೋರಿಸಿದರೆ ಮಾತ್ರ ಹೇಳಿಕೊಳ್ಳಿ.

1994ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸ್ಥಾಪಿಸಿದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ, ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಬಹುಕಾಲ ಬಳಕೆಯ ಏಳು ಮಾನದಂಡಗಳಲ್ಲಿ ಎರಡನೆಯದು ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ, ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಕಾಲೇಜಿನ ಆಂತರಿಕ ಗುಣಮಟ್ಟ ಕೋಶಕ್ಕೆ (ಐಕ್ಯೂಎಸಿ) ಬೇಕಾದ ಪುರಾವೆಯೆಲ್ಲ ಮೇಲಿನ ಒಂದು ಸಾಲಿನ ದಾಖಲೆಯಿಂದಲೇ ಹೊರಡುತ್ತದೆ, ವಾರ್ಷಿಕ ಗುಣಮಟ್ಟ ವರದಿ (ಎಕ್ಯೂಎಆರ್) ಕಳಿಸುವ ತಿಂಗಳಲ್ಲಿ ಹಳೆಯ ತಾರೀಕು ಹಾಕಿ ಸಹಿ ಹಾಕಿಸುವ ಪಾಡು ತಪ್ಪುತ್ತದೆ. ಕೇಂದ್ರದ್ದೇ ಆದ ಗುಣಮಟ್ಟದ ಹಾಳೆ ಬರೆಯುವುದಾದರೆ ಅಮೆರಿಕದಲ್ಲಿ 1979ರಲ್ಲಿ ಹುಟ್ಟಿದ ಉನ್ನತ ಶಿಕ್ಷಣದ ಮಾನದಂಡ ರೂಪಿಸುವ ಸಿಎಎಸ್ ಎಂಬ ಮಂಡಳಿಯ ಒಂದು ರೂಢಿ ಎರವಲು ತರಬಹುದು: ಮಾಡಲೇಬೇಕಾದ್ದನ್ನೂ ಮಾಡಿದರೆ ಒಳ್ಳೆಯದು ಅನ್ನುವುದನ್ನೂ ಅವರು ಬೆರೆಸುವುದಿಲ್ಲ. ತರಬೇತಿ ಇಲ್ಲದವರು ಟ್ಯೂಟರ್ ಆಗುವಂತಿಲ್ಲ, ಹೆಸರು ಬೋರ್ಡಿಗೆ ಹಾಕುವಂತಿಲ್ಲ, ತಪ್ಪಿದ ಅವಧಿ ನಡೆಯಲೇಬೇಕು, ಇವು ಮೊದಲ ಕಾಲಮ್ಮು. ಕಂಪ್ಯೂಟರ್, ಬಣ್ಣದ ಕುರ್ಚಿ ಎರಡನೆಯದು. ಎಲ್ಲವನ್ನೂ ಮೊದಲನೆಯದಕ್ಕೆ ಸೇರಿಸಿದ ಹಾಳೆಯನ್ನು ಯಾರೂ ಪಾಲಿಸುವುದಿಲ್ಲ.

ದುಡ್ಡಿನ ಮಾತು ಕೊನೆಗೆ. ಅತಿಥಿ ಉಪನ್ಯಾಸಕರ ಬಿಟ್ಟಿ ಸಮಯದ ಮೇಲೆ ಕೇಂದ್ರ ಕಟ್ಟಬಾರದು, ಅವರ ಗಂಟೆಗಳು ಬದಲಾದ ದಿನ ಕೇಂದ್ರ ಮುಚ್ಚುತ್ತದೆ. ವಿದ್ಯಾರ್ಥಿ ಟ್ಯೂಟರ್‌ಗಳಿಗೂ ಗಂಟೆಗೆ ಇಷ್ಟು ಅಂತ ಕೊಡಿ, ಕನಿಷ್ಠ ಬಸ್ ಪಾಸಿನ ಖರ್ಚಾದರೂ ಹುಟ್ಟಲಿ. ಒಬ್ಬರಿಗೆ ವಾರಕ್ಕೆ ಆರು ಗಂಟೆ ದಾಟದಿರಲಿ. ಪರೀಕ್ಷೆಗೆ ಹತ್ತು ದಿನ ಇರುವಾಗ ಟ್ಯೂಟರ್ ಸರದಿ ನಿಲ್ಲಿಸಿ, ಅವರೂ ಬರೆಯಬೇಕಲ್ಲ. ಆ ಹತ್ತು ದಿನದ ಅವಧಿಗಳನ್ನು ಪೇಪರಿನ ಮೇಷ್ಟ್ರೇ ನಡೆಸಲಿ, ಅದನ್ನು ಅವರ ಕೆಲಸದ ಹೊರೆಯಲ್ಲಿ ಲೆಕ್ಕ ಹಿಡಿಯುವ ಆದೇಶವನ್ನು ಪ್ರಾಂಶುಪಾಲರಿಂದ ಸೆಮಿಸ್ಟರ್ ಶುರುವಿಗೇ ಬರೆಸಿಕೊಳ್ಳಿ.