ಮಾಲೆ ಹಾಕಿದ ವರ್ಷ ಬೀಡಿ ಬಿಟ್ಟ ಕತೆ

2019ರ ನವೆಂಬರ್‌ನಲ್ಲಿ ನಾನು ಅಯ್ಯಪ್ಪನ ಮಾಲೆ ಹಾಕಿದೆ. ಹರಕೆ ಅವ್ವನದು, ಕೊರಳು ನನ್ನದು. ಕಪ್ಪು ಪಂಚೆ, ಬರಿಗಾಲು, ಬೆಳಗಿನ ಜಾವ ನಾಲ್ಕಕ್ಕೆ ತಣ್ಣೀರು. ದಿನಕ್ಕೊಂದು ಕಟ್ಟು ಬೀಡಿ ಸುಡುತ್ತಿದ್ದವನು ಮಾಲೆ ಬಿದ್ದ ಗಳಿಗೆಯಿಂದ ಒಂದನ್ನೂ ಮುಟ್ಟಲಿಲ್ಲ. ಮನೆಯವರಿಗೆ ಗೊತ್ತಿಲ್ಲದ ಇನ್ನೊಂದಿತ್ತು, ವಾರಕ್ಕೆ ಎರಡು ಮೂರು ಸಲ ತಂಬಾಕಿಗೆ ಬೆರೆಸಿ ಸೇದುತ್ತಿದ್ದ ಗಾಂಜಾ. ಅದನ್ನೂ ಬಿಟ್ಟೆ. ಅಕ್ಕ, ಭಾವ, ಡಾಕ್ಟರು ಎಲ್ಲ ಸೇರಿ ಬಿಡಿಸಲಾಗದ ಬೀಡಿಯನ್ನು ಒಂದು ಮಣಿಸರ ಬಿಡಿಸಿತಲ್ಲ ಅಂತ ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು.

ಹತ್ತನೇ ದಿನ ಬಚ್ಚಲಲ್ಲಿ ಬಿದ್ದೆ.

ಎರಡನೇ ಚೊಂಬು ತಲೆ ಮೇಲೆ ಸುರಿದುಕೊಂಡು ಎದ್ದು ನಿಂತಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಭಾವ ನನ್ನ ತೋಳು ಹಿಡಿದು ‘ಸ್ವಾಮಿ, ಸ್ವಾಮಿ’ ಅಂತ ಕೂಗುತ್ತಿದ್ದರು. ಮಾಲೆ ಹಾಕಿದ ಮೇಲೆ ಭಾಮೈದನೂ ಸ್ವಾಮಿಯೇ. ಅವ್ವ ಕೈ ಮುಗಿದು ನಿಂತಿದ್ದಳು. ಮೈಮೇಲೆ ಬಂದಿರಬೇಕು ಅಂತ ಪಕ್ಕದ ಮನೆಯವರ ತೀರ್ಮಾನ.

ಮೈಮೇಲೆ ಯಾರೂ ಬಂದಿರಲಿಲ್ಲ. ನನ್ನಲ್ಲಿಗೆ ಬರುವವರು ಬೇರೆ, ಅವರು ಕಿವಿಯೊಳಗೆ ಬರುತ್ತಾರೆ. ನನಗಿರುವುದು ಸ್ಕಿಜೋಫ್ರೇನಿಯಾ. ಕನ್ನಡದಲ್ಲಿ ಛಿದ್ರಮನಸ್ಕತೆ ಅಂತ ಬರೆಯುತ್ತಾರೆ. ಹಗಲಿಡೀ ಪ್ರೆಸ್ಸಿನಲ್ಲಿ ಕನ್ನಡ ಟೈಪು ಮಾಡುವವನಾಗಿ ಹೇಳುತ್ತೇನೆ, ಆ ಪದ ನನಗೆ ಸೇರುವುದಿಲ್ಲ. ನನ್ನ ಮನಸ್ಸು ಒಡೆದಿಲ್ಲ, ಅದರಲ್ಲಿ ಬಾಡಿಗೆಗೆ ಜನ ಜಾಸ್ತಿ, ಅಷ್ಟೆ. ಶುರುವಾದದ್ದು 2007ರಲ್ಲಿ, ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಎರಡು ಔಷಧಿ ಕೈಕೊಟ್ಟ ಮೇಲೆ 2014ರಲ್ಲಿ ಕ್ಲೋಜಪಿನ್ ಕೊಟ್ಟರು. ಬೇರೆ ಗುಳಿಗೆ ನಾಟದವರಿಗೆ ಕೊಡುವ ಗುಳಿಗೆ ಅದು. ರಕ್ತದ ಬಿಳಿ ಕಣ ಕುಸಿಯಬಹುದು ಅಂತ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಕೊಡಬೇಕಿತ್ತು, ಆಮೇಲೆ ತಿಂಗಳಿಗೊಮ್ಮೆ. ರಾತ್ರಿ ಜೊಲ್ಲು ಸುರಿದು ದಿಂಬು ಒದ್ದೆಯಾಗುತ್ತದೆ. ಆದರೆ ಕಿವಿಯೊಳಗಿನವರು ತಗ್ಗಿದರು. ದಿನಕ್ಕೆ 450 ಮಿಲಿಗ್ರಾಂಗೆ ನಾನು ಕೆಲಸ ಮಾಡಿಕೊಂಡು, ಸಂಬಳ ತಂದುಕೊಂಡು ಇದ್ದೆ.

ಮಾಲೆ ಹಾಕಿದ ಮೇಲೆ ಅದೇ 450 ನನ್ನನ್ನು ನೆಲಕ್ಕೆ ಒತ್ತತೊಡಗಿತು. ಡಿಸೆಂಬರ್ ಹತ್ತಿರ ಬಂದರೆ ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ. ಬಟ್ಟೆ ಅಂಗಡಿಯವರಿಗೆ, ಬೀಜ-ಗೊಬ್ಬರದವರಿಗೆ, ಚಿನ್ನದಂಗಡಿಯವರಿಗೆ. ಒಂದು ಮಧ್ಯಾಹ್ನ ಅಚ್ಚಾದ ಹಾಳೆಗಳ ಗಡ್ಡಿ ಮೇಲೆ ತಲೆ ಇಟ್ಟವನು ಹಾಗೇ ಹೋಗಿಬಿಟ್ಟೆ. ಓನರ್ ಎಬ್ಬಿಸಿದಾಗ ಕೆನ್ನೆಗೆ ಜನವರಿ ಅಂಟಿತ್ತು. ಗಣಪತಿಯ ಸೊಂಡಿಲಿನಿಂದ ಸಂಕ್ರಾಂತಿಯವರೆಗೆ ಜೊಲ್ಲಿಗೆ ಬಣ್ಣ ಹರಡಿ ಮೇಲಿನ ಏಳೆಂಟು ಹಾಳೆ ಹಾಳಾಗಿದ್ದವು. ಅವರು ಬೈಯಲಿಲ್ಲ. ಮಾಲೆ ಹಾಕಿದವರನ್ನು ಬೈಯುವ ಹಾಗಿಲ್ಲವಲ್ಲ. ‘ಸ್ವಾಮಿ, ಮನೆಗೆ ಹೋಗಿ ಮಲಗಿ’ ಅಂದರು. ಹೊಟ್ಟೆ ನಾಲ್ಕು ದಿನದಿಂದ ಕಟ್ಟಿತ್ತು. ಮಾತು ತೊದಲುತ್ತಿತ್ತು. ಬೀಡಿ ಬಿಟ್ಟ ಕೈ ಸುಮ್ಮನಿರಲಾರದೆ ಲೋಟ ಹಿಡಿದಿತ್ತು. ಭಜನೆ ಮನೆಯಲ್ಲಿ, ಪ್ರೆಸ್ಸಿನಲ್ಲಿ, ಮನೆಯಲ್ಲಿ ಸೇರಿ ದಿನಕ್ಕೆ ಎಂಟು ಕಾಫಿ.

ಭಜನೆಗೆ ಬರುವ ಒಬ್ಬರು ‘ವ್ರತದಲ್ಲಿ ಆ ಗುಳಿಗೆ ಯಾಕೆ ಬೇಕು, ಸ್ವಾಮಿ ನೋಡಿಕೊಳ್ತಾನೆ’ ಅಂದರು. ನಮ್ಮ ಗುರುಸ್ವಾಮಿ ನಿವೃತ್ತ ಬಸ್ ಡ್ರೈವರ್. ಅವರು ಅಂಗಿ ಜೇಬಿನಿಂದ ಶುಗರ್ ಗುಳಿಗೆಯ ಪಟ್ಟಿ ತೆಗೆದು ತೋರಿಸಿ, ‘ಹದಿನೆಂಟು ಸಲ ಬೆಟ್ಟ ಹತ್ತೀನಿ, ಒಂದು ದಿನ ಇದನ್ನ ಬಿಟ್ಟಿಲ್ಲ. ನಡೀರಿ, ಡಾಕ್ಟರ್ ಹತ್ರ ಹೋಗೋಣ’ ಅಂದರು. ಆವತ್ತು ಅವರು ಆ ಮಾತು ಹೇಳದಿದ್ದರೆ ಈ ಬರಹ ಇರುತ್ತಿರಲಿಲ್ಲವೇನೋ.

ಡಾಕ್ಟರ್ ಮೇಡಂ ನನ್ನ ಕಪ್ಪು ಪಂಚೆ ನೋಡಿದರು, ಬಿಪಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, ‘ಬೀಡಿ ಬಿಟ್ಟಿರಾ?’

ಹೌದು ಮೇಡಂ, ಒಂದೂ ಇಲ್ಲ ಅಂದೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, ‘ಅಯ್ಯೋ, ನನಗೊಂದು ಫೋನ್ ಮಾಡಬಾರದಿತ್ತಾ?’ ಅಂದರು.

ಚೀಟಿಯ ಹಿಂದೆ ಬರೆದು ತೋರಿಸಿದ್ದು ಇಷ್ಟು. ಲಿವರಿನಲ್ಲಿ ಸಿವೈಪಿ1ಎ2 ಅಂತ ಒಂದು ಕಿಣ್ವ ಇದೆ. ಕ್ಲೋಜಪಿನ್ನನ್ನು ಒಡೆದು ಹೊರಗೆ ಹಾಕುವ ಕೆಲಸದಲ್ಲಿ ದೊಡ್ಡ ಪಾಲು ಅದರದ್ದು. ಎಲೆ, ಕಾಗದ, ತಂಬಾಕು ಸುಟ್ಟಾಗ ಬರುವ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಈ ಕಿಣ್ವವನ್ನು ಹೆಚ್ಚಿಸುತ್ತವೆ. ಸೇದುವವನ ಲಿವರಿನಲ್ಲಿ ಆಳು ಜಾಸ್ತಿ, ಗುಳಿಗೆ ಬೇಗ ಖಾಲಿ. ಹಾಗಾಗಿ ಅವನಿಗೆ ಡೋಸು ಜಾಸ್ತಿ ಬೇಕು. ಹೊಗೆ ನಿಂತರೆ ವಾರದೊಳಗೆ ಆಳುಗಳು ಮನೆಗೆ ಹೋಗುತ್ತಾರೆ, ಗುಳಿಗೆ ಮಾತ್ರ ಅಷ್ಟೇ ಬರುತ್ತಿರುತ್ತದೆ. ರಕ್ತದಲ್ಲಿ ಅದು ತುಂಬಿಕೊಳ್ಳುತ್ತದೆ. ನನ್ನ 450ರ ಲೆಕ್ಕದೊಳಗೆ ದಿನಕ್ಕೊಂದು ಕಟ್ಟು ಬೀಡಿಯೂ ಸೇರಿತ್ತು. ಇದೇ ಕಾಯಿಲೆಯ ಇನ್ನೊಂದು ಗುಳಿಗೆ ಓಲಾಂಜಪಿನ್ ತಿನ್ನುವವರಿಗೂ ಇದೇ ಕತೆ. ಇದು ನಿಕೋಟಿನ್‌ನ ಕೆಲಸ ಅಲ್ಲ, ಹೊಗೆಯ ಕೆಲಸ. ನಿಕೋಟಿನ್ ಗಮ್ ಅಗಿದರೆ ಡೋಸು ಏರುಪೇರಾಗುವುದಿಲ್ಲ. (ಹಾಗಂತ ಗುಟ್ಕಾ ಹಾಕಿಕೊಳ್ಳಿ ಅಂತ ಅಲ್ಲ. ಬಾಯಿ ನಿಮ್ಮದು, ನಿಮಗೇ ಬೇಕು.) ಕಾಫಿಯಲ್ಲಿರುವ ಕೆಫೀನ್ ಅದೇ ಕಿಣ್ವದ ಬಾಗಿಲಲ್ಲಿ ಸಾಲು ನಿಂತು ಕ್ಲೋಜಪಿನ್ ಕಾಯುವ ಹಾಗೆ ಮಾಡುತ್ತದೆ. ನಾನು ಹೊಗೆ ನಿಲ್ಲಿಸಿ ಕಾಫಿ ಏರಿಸಿದ್ದೆ, ಎರಡೂ ಕಡೆಯಿಂದ ಪೆಟ್ಟು.

‘ಬೀಡಿ ಒಂದೇನಾ, ಬೇರೆ ಏನಾದರೂ ಸೇದ್ತಿದ್ರಾ?’

ಈ ಪ್ರಶ್ನೆಗೆ ವರ್ಷಗಟ್ಟಲೆ ‘ಇಲ್ಲ’ ಅಂದವನು ನಾನು. ಪೊಲೀಸಿನ ಭಯ, ಅವ್ವನಿಗೆ ಗೊತ್ತಾಗುವ ಭಯ, ಇವನ ಕಾಯಿಲೆ ಇವನೇ ತಂದುಕೊಂಡಿದ್ದು ಅನ್ನುವ ಮುಖ ನೋಡುವ ಭಯ. ಆವತ್ತು ಕೊರಳಲ್ಲಿ ಮಾಲೆ. ಸುಳ್ಳು ಬಾಯಿಗೆ ಬರಲಿಲ್ಲ. ಗುರುಸ್ವಾಮಿಯನ್ನು ಹೊರಗೆ ಕೂರಿಸಿ ಎಲ್ಲ ಹೇಳಿದೆ. ಮೇಡಂ ಪೊಲೀಸರನ್ನೂ ಕರೆಯಲಿಲ್ಲ, ಅವ್ವನನ್ನೂ ಕರೆಯಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನನ್ನ ಚಿಕಿತ್ಸೆಯ ವಿವರ ಗುಟ್ಟಾಗಿರುವುದು ನನ್ನ ಹಕ್ಕು ಅಂತ ಬರೆದಿದೆಯಂತೆ. ಮೊದಲೇ ಗೊತ್ತಿದ್ದರೆ ಎಷ್ಟು ಸುಳ್ಳು ಉಳಿಯುತ್ತಿತ್ತು.

ಗಾಂಜಾ ಯಾಕೆ ಅಂತ ಕೇಳಿದರು. ಗುಳಿಗೆ ತಿಂದರೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ ಇರುತ್ತದೆ, ಅದನ್ನು ಸೇದಿದಾಗ ಅರ್ಧ ಗಂಟೆ ಹಾಡು ಹಾಡಿನ ಹಾಗೆ ಕೇಳುತ್ತದೆ ಅಂದೆ. ಇದು ನಿಜ. ಸೇದುವವರೆಲ್ಲ ಮೋಜಿಗೆ ಸೇದುತ್ತಾರೆ ಅನ್ನುವವರು ಈ ಗುಳಿಗೆ ತಿಂದು ನೋಡಿಲ್ಲ. ಆದರೆ ಆ ಅರ್ಧ ಗಂಟೆಯ ಆಚೆಗಿನದೂ ನಿಜ. ಎದೆ ದಡದಡ, ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನೂ ನನ್ನ ವಿಷಯವೇ ಮಾತಾಡುತ್ತಿದ್ದಾನೆ ಅನ್ನುವ ಗುಮಾನಿ, ಎರಡು ದಿನ ಕಿವಿಯೊಳಗಿನವರ ಜಾತ್ರೆ. ಗುಳಿಗೆ ಇಳಿಸಲು ನೋಡುವುದನ್ನೇ ಗಾಂಜಾದ ಟಿಎಚ್‌ಸಿ, ಅಂದರೆ ಅದರಲ್ಲಿ ಅಮಲೇರಿಸುವ ಅಂಶ, ಏರಿಸುತ್ತದೆ. ಅದರ ಹೊಗೆ ಬೇರೆ, ಬೀಡಿ ಹೊಗೆಯ ಹಾಗೆಯೇ ಗುಳಿಗೆಯನ್ನು ಬೇಗ ಕರಗಿಸುತ್ತದೆ.

ಹಾಸ್ಟೆಲಿನಲ್ಲಿ ಒಂದೇ ಚಿಲುಮೆ ಆರು ಜನ ಸೇದಿದೆವು, ಐವರು ಅಮೆರಿಕ, ಬೆಂಗಳೂರು ಅಂತ ಆರಾಮಾಗಿದ್ದಾರೆ, ನನಗೇ ಯಾಕೆ ಅಂದೆ. ಬಹಳ ವರ್ಷದಿಂದ ಹೊಟ್ಟೆಯಲ್ಲಿದ್ದ ಪ್ರಶ್ನೆ. ಅವರು ಸ್ವೀಡನ್ನಿನ ಲೆಕ್ಕ ಹೇಳಿದರು. ಸೇನೆಗೆ ಸೇರಬೇಕಾದ 45,570 ಹುಡುಗರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ್ದು. 50ಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಈ ಕಾಯಿಲೆ, ಸೇದದವರಿಗಿಂತ ಆರು ಪಟ್ಟು ಕಂಡಿತಂತೆ. ಆದರೂ ಸೇದಿದವರಲ್ಲಿ ಬಹುಪಾಲು ಜನರಿಗೆ ಬರಲಿಲ್ಲ. ಉರಿಯುವ ಬೀಡಿ ತುಂಡು ಟಾರು ರಸ್ತೆ ಮೇಲೆ ಬಿದ್ದರೆ ಏನೂ ಆಗುವುದಿಲ್ಲ, ಹುಲ್ಲಿನ ಬಣವೆ ಮೇಲೆ ಬಿದ್ದರೆ ಬೇರೆ. ನಮ್ಮ ಮನೆಯಲ್ಲಿ ಬಣವೆ ಇತ್ತು. ಅಜ್ಜನ ತಮ್ಮ ಒಬ್ಬರು ಗೋಡೆ ಜೊತೆ ಮಾತಾಡುತ್ತಾ ಮಾತಾಡುತ್ತಾ ಮನೆ ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ಅವರನ್ನು ‘ಸನ್ಯಾಸಿ ಆದರು’ ಅನ್ನುತ್ತಾರೆ.

ಮೇಡಂ ಡೋಸನ್ನು ಹಂತ ಹಂತವಾಗಿ 300ಕ್ಕೆ ಇಳಿಸಿದರು, ಹೊಟ್ಟೆಗೆ ಔಷಧಿ ಕೊಟ್ಟರು, ಕಾಫಿ ಎರಡಕ್ಕೆ ತಂದರು. ಯಾತ್ರೆಯಲ್ಲಿ ಗುಳಿಗೆ ಮರೆಯಬೇಡಿ, 48 ಗಂಟೆ ಮೀರಿ ತಪ್ಪಿದರೆ ಮತ್ತೆ 12.5 ಮಿಲಿಗ್ರಾಂನಿಂದ ಶುರು ಮಾಡಬೇಕಾಗುತ್ತದೆ ಅಂತ ಎರಡು ಸಲ ಹೇಳಿದರು. ಇರುಮುಡಿಯ ಹಿಂದಿನ ಗಂಟಿನಲ್ಲಿ ಗುಳಿಗೆ ಇಟ್ಟುಕೊಂಡು ಬೆಟ್ಟ ಹತ್ತಿ ಬಂದೆ.

ಬರುವಾಗ ದಾರಿಯಲ್ಲೇ ಮಾಲೆ ತೆಗೆದ ಇಬ್ಬರು ಟೀ ಅಂಗಡಿ ಮುಂದೆ ಸಿಗರೇಟು ಹಚ್ಚಿದರು. ನಾನು ಹಚ್ಚಿದ್ದು ಊರು ತಲುಪಿ ಹದಿನೈದು ದಿನಕ್ಕೆ. ಒಂದು, ಆಮೇಲೆ ನಾಲ್ಕು, ಫೆಬ್ರವರಿ ಹೊತ್ತಿಗೆ ಹಳೇ ಕಟ್ಟು. ಡೋಸು ಮಾತ್ರ 300ರಲ್ಲೇ ಇತ್ತು. ಮೇಡಂಗೆ ಹೇಳಲು ನಾಚಿಕೆ. ಆಫ್‌ಸೆಟ್ ಮೆಷಿನ್ನಿನ ಖಟಖಟ ಒಂದು ದಿನ ನನ್ನ ಹೆಸರು ಹೇಳಿತು. ಮರುದಿನ ಪೂರ್ತಿ ವಾಕ್ಯ ಹೇಳಿತು. ಮೂರನೇ ದಿನ ಅಕ್ಕನೇ ಎಳೆದುಕೊಂಡು ಹೋದಳು, ಡೋಸು ಮತ್ತೆ ಏರಿತು.

ಆ ಡೋಸು ಮೈಗೆ ಹೊಂದುವಷ್ಟರಲ್ಲಿ ಮಾರ್ಚ್, ಲಾಕ್‌ಡೌನ್. ಅಂಗಡಿಗಳು ಬಾಗಿಲು ಹಾಕಿದವು. ಕದ್ದು ಮಾರುವವರು ಬೀಡಿ ಕಟ್ಟಿಗೆ ಕೇಳುವ ದುಡ್ಡು ನನ್ನ ಹತ್ತಿರ ಇರಲಿಲ್ಲ. ಕಪಾಟಿನ ಸಂದಿಯಲ್ಲಿದ್ದ ಕೊನೆಯ ಬೀಡಿ ಮುಗಿದ ಮೂರನೇ ದಿನ ನಾನೇ ಫೋನ್ ಮಾಡಿದೆ. ‘ಮೇಡಂ, ಬೀಡಿ ಸಿಗ್ತಿಲ್ಲ’ ಅಂದೆ. ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ಡೋಸು ಹೇಳಿದರು. ಈಗಲಾದರೆ ರಾತ್ರಿ ಹೊತ್ತಲ್ಲಿ ದಿಕ್ಕು ತೋಚದಿದ್ದರೆ 14416 ಇದೆ. ಟೆಲಿ-ಮಾನಸ್, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರೆಸ್ಸಿನ ಹಾಳೆ ಕತ್ತರಿಸಿ ಉಳಿದ ತುಂಡುಗಳಲ್ಲಿ ನಾನೇ ಒಂದು ಪುಸ್ತಕ ಹೊಲಿದುಕೊಂಡಿದ್ದೇನೆ. ದಿನಕ್ಕೊಂದು ಸಾಲು, ನಾಲ್ಕು ಮನೆ: ಗುಳಿಗೆ, ಬೀಡಿ, ಕಾಫಿ, ಸೊಪ್ಪು. ಸೊಪ್ಪು ಅಂದರೆ ಗಾಂಜಾ, ಅವ್ವ ನೋಡಿದರೂ ಮೆಂತ್ಯ ಅಂದುಕೊಳ್ಳಲಿ ಅಂತ. ಬೀಡಿ ಮನೆಯಲ್ಲಿ ಈಗ ಐದು, ಆರು, ಐದು. ಸೊಪ್ಪಿನ ಮನೆಯಲ್ಲಿ ಮೊನ್ನೆ ಊರ ಜಾತ್ರೆ ದಿನ ಒಂದು ಗೆರೆ ಬಿದ್ದಿದೆ. ಸೋಮವಾರ ಮೇಡಂ ಹತ್ತಿರ ಹೋಗುವುದಿದೆ. ರಬ್ಬರ್ ಎರಡು ಸಲ ಕೈಗೆ ತೆಗೆದುಕೊಂಡೆ, ಎರಡು ಸಲ ಕೆಳಗಿಟ್ಟೆ.